ಪ್ರವಾದಿಯವರ(ಸ) ಮುಗುಳ್ನಗೆ ಕಲಿಸಿದ ಪಾಠ

ಚಿಕ್ಕನಾಯಕನಹಳ್ಳಿಯ ಸುತ್ತಣ ತೋಟಗಳಲ್ಲಿ ತೆಂಗಿನ ಸಸಿ ನೆಟ್ಟವರು ಬೇಸಿಗೆಯಲ್ಲಿ ಅದಕ್ಕೆ ನೆರಳು ಮಾಡುತ್ತಾರೆ, ನೀರೆರೆಯುತ್ತಾರೆ. ಫಲಕ್ಕಾಗಿ ಆರೇಳು ವರ್ಷ ಕಾಯುತ್ತಾರೆ. ಸಸಿಯ ವಿಷಯದಲ್ಲಿ ಇಷ್ಟು ಸಹನೆಯುಳ್ಳ ನಾವು, ಮಗು ಶಾಲೆಯಲ್ಲಿ ತಪ್ಪಿದ ದಿನವೇ ಬೆತ್ತವನ್ನು ನೆನೆಯುತ್ತೇವೆ.

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಹಝ್ರತ್ ಅನಸ್ ಬಿನ್ ಮಾಲಿಕ್(ರ) ಸುಮಾರು 10 ವರ್ಷದ ಬಾಲಕ. ತಾಯಿ ಉಮ್ಮು ಸುಲೈಮ್(ರ) ಮಗನನ್ನು ಪ್ರವಾದಿಯವರ ಸೇವೆಗೆ ಒಪ್ಪಿಸಿದರು. ಒಮ್ಮೆ ಕೆಲಸಕ್ಕೆ ಕಳುಹಿಸಿದಾಗ ಅನಸ್ ಮೊದಲು ಹೋಗುವುದಿಲ್ಲವೆಂದು ಹಟ ಹಿಡಿದರು. ಹೊರಟವರು ಪೇಟೆಯಲ್ಲಿ ಆಡುತ್ತಿದ್ದ ಹುಡುಗರ ಬಳಿ ನಿಂತರು. ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದಂತಾಯಿತು. ತಿರುಗಿದರೆ ಪ್ರವಾದಿಯವರು(ಸ) ನಗುತ್ತಿದ್ದರು! ಮುದ್ದಿನ ಹೆಸರಿನಿಂದ ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದಷ್ಟೇ ಕೇಳಿದರು. ಅನಸ್ ಕೂಡಲೇ ಹೊರಟರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ಹೇಳಿದವರು ಸ್ವತಃ ಅನಸ್(ರ). ಗದರಿಕೆಯಿಲ್ಲದೆ ಬೆಳೆದ ಆ ಬಾಲಕ ತನ್ನ ತಪ್ಪನ್ನು ಅಡಗಿಸಲಿಲ್ಲ. ಮುಂದೆ 2,000ಕ್ಕೂ ಹೆಚ್ಚು ಹದೀಸ್‌ಗಳ ವಿಶ್ವಾಸಾರ್ಹ ವರದಿಗಾರರಾದರು.

ಇತಿಹಾಸಕಾರ ಇಬ್ನ್ ಖಲ್ದೂನ್ (1332–1406) ತಮ್ಮ 'ಮುಖದ್ದಿಮಾ'ದಲ್ಲಿ ಇದರ ಮರುಮುಖವನ್ನು ತೋರಿಸಿದರು: ದಂಡನೆಯ ಭಯದಲ್ಲಿ ಕಲಿಯುವ ಮಗು ಸುಳ್ಳನ್ನೂ ಕಪಟವನ್ನೂ ರೂಢಿಸಿಕೊಳ್ಳುತ್ತದೆ. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆಯೂ 17ನೇ ಕಲಮಿನಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ತಪ್ಪನ್ನು ತಿದ್ದಲೇಬೇಕು. ಆದರೆ ಅದನ್ನು ತಾನಾಗಿ ಒಪ್ಪಿಕೊಂಡ ಮಗುವನ್ನು ಮೊದಲು ಮೆಚ್ಚೋಣ, ಬಳಿಕ ತಿದ್ದೋಣ. ಅಲ್ಲಾಹನು ನಮಗೆ ಆ ಸಹನೆಯನ್ನು ಕರುಣಿಸಲಿ. ಆಮೀನ್.