ಅಟ್ಟದ ಮೇಲಿನ ಆಟ: ನಮ್ಮ ಬಯಲಾಟವೂ ಜಪಾನಿನ ರಂಗಭೂಮಿಯೂ

ಶಾಲೆಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ಇನ್ನೊಂದು ಶಾಲೆಯನ್ನೂ ನೆನೆಯುವುದು ನ್ಯಾಯ. ಅದಕ್ಕೆ ಗೋಡೆಯಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಊರ ಬಯಲಲ್ಲಿ ಅಟ್ಟ ಕಟ್ಟಿ, ಗ್ಯಾಸ್ ಬತ್ತಿ ಹಚ್ಚಿ, ಬೆಳಗಿನವರೆಗೆ ನಡೆಸುತ್ತಿದ್ದ ಬಯಲಾಟವೇ ಆ ಶಾಲೆ. ಅಕ್ಷರ ಬಾರದ ಹಿರಿಯರು ರಾಮಾಯಣ, ಮಹಾಭಾರತ, ಶರಣರ ಕಥೆ ಕಲಿತದ್ದು ಪುರಾಣ, ಭಜನೆ, ಆಟಗಳಿಂದಲೇ.

ಉತ್ತರ ಕರ್ನಾಟಕದ ಬಯಲಾಟದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ದೊಡ್ಡಾಟ. ಇದರ ಕಥೆ ಹೆಚ್ಚಾಗಿ ಪುರಾಣದ್ದು. ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳ ಭಾರವಾದ ವೇಷ, ವೀರಾವೇಶದ ಕುಣಿತ, ಏರುದನಿಯ ಮಾತು ಇದರ ಲಕ್ಷಣ. ಭಾಗವತರು ಹಾಡುತ್ತಾರೆ, ಮದ್ದಳೆ ತಾಳಗಳು ಜೊತೆಗೂಡುತ್ತವೆ. ಸಾರಥಿ ಎಂಬ ಪಾತ್ರ ಬಂದ ಬಂದ ವೇಷವನ್ನೆಲ್ಲ ‘ತಾವು ಯಾರು?’ ಎಂದು ಕೇಳಿ, ನಗಿಸುತ್ತಲೇ ಕಥೆ ಮುಂದೆ ಸಾಗಿಸುತ್ತಾನೆ. ಎರಡನೆಯದು ಸಣ್ಣಾಟ. ಇದರಲ್ಲಿ ವೇಷ ಸರಳ, ಮಾತು ಮನೆಮಾತು, ಕಥೆ ಶರಣರದು ಅಥವಾ ನಮ್ಮ ನಿಮ್ಮಂಥವರದು. ಬೈಲಹೊಂಗಲ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಇದಕ್ಕೆ ಹೆಸರಾದ ಉದಾಹರಣೆ. ಮೂರನೆಯದು ಶ್ರೀಕೃಷ್ಣ ಪಾರಿಜಾತ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದಕ್ಕೆ ಸತ್ಯಭಾಮೆ ಮುನಿಯುವ ಕಥೆ ಇದು. ಅಪರಾಳ ತಮ್ಮಣ್ಣನ ರಚನೆಗೆ ಕುಲಗೋಡ ತಮ್ಮಣ್ಣ ಆಟದ ರೂಪ ಕೊಟ್ಟನೆಂದು ವಿದ್ವಾಂಸರು ಹೇಳುತ್ತಾರೆ.

ನಮ್ಮದು ಗಡಿ ಸೀಮೆ. ಆಟಕ್ಕೆ ಗಡಿಯೆಂಬುದು ಇರಲಿಲ್ಲ. ಕರ್ನಾಟಕದಿಂದ ಸಾಂಗ್ಲಿಗೆ ಹೋಗಿದ್ದ ಮೇಳವೊಂದರ ಆಟ ಕಂಡ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ನಾಟಕದ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಅತ್ತಲಿಂದ ಲಾವಣಿ, ತಮಾಷಾಗಳ ಧಾಟಿ ಇತ್ತ ಬಂದು ನಮ್ಮ ಸಣ್ಣಾಟದಲ್ಲಿ ಬೆರೆಯಿತು. ಕೊಟ್ಟು ತಂದು ಬೆಳೆದ ಕಲೆಯಿದು.

ಈಗ ಬಹುದೂರದ ಜಪಾನಿನ ಕಡೆ ನೋಡೋಣ. ಅಲ್ಲಿಯೂ ಹಳೆಯ ರಂಗಪ್ರಕಾರಗಳು ಹಲವು. 14ನೆಯ ಶತಮಾನದಲ್ಲಿ ಕನ್ಅಮಿ ಮತ್ತು ಅವನ ಮಗ ಝೆಯಾಮಿ ರೂಪಿಸಿದ್ದು ‘ನೋ’. ಮರದ ಮುಖವಾಡ, ನಿಧಾನದ ಹೆಜ್ಜೆ, ಹಿಂದಿನ ಹಲಗೆಯ ಮೇಲೆ ಚಿತ್ರಿಸಿದ ಒಂದೇ ಒಂದು ದೇವದಾರು ಜಾತಿಯ ಮರ, ಇಷ್ಟರಲ್ಲೇ ಯುದ್ಧವೂ ವಿರಹವೂ ಮೂಡುತ್ತವೆ. ಎರಡು ನೋ ಆಟಗಳ ನಡುವೆ ನಗಿಸಲು ಬರುವುದು ‘ಕ್ಯೋಗೆನ್’. ನಮ್ಮ ಸಾರಥಿ ಒಂದೇ ಆಟದೊಳಗೆ ಮಾಡುವ ಕೆಲಸವನ್ನು ಅಲ್ಲಿ ಬೇರೆ ಆಟವೇ ಮಾಡುತ್ತದೆ. ‘ಬುನ್ರಾಕು’ ಗೊಂಬೆಯಾಟದಲ್ಲಿ ಒಂದು ದೊಡ್ಡ ಗೊಂಬೆಯನ್ನು ಮೂವರು ಆಡಿಸುತ್ತಾರೆ. ಪಕ್ಕದಲ್ಲಿ ಕುಳಿತ ಒಬ್ಬ ಗಾಯಕ ಎಲ್ಲ ಪಾತ್ರಗಳ ಮಾತನ್ನೂ ಹೇಳುತ್ತಾನೆ. ಅವನನ್ನು ಕಂಡರೆ ನಮಗೆ ಭಾಗವತರ ನೆನಪಾಗುತ್ತದೆ.

‘ಕಬುಕಿ’ಯ ಕಥೆ ಇನ್ನೂ ಸ್ವಾರಸ್ಯದ್ದು. 1603ರ ಸುಮಾರಿಗೆ ಕ್ಯೋಟೋ ನಗರದಲ್ಲಿ ಅದನ್ನು ಆರಂಭಿಸಿದವಳು ಓಕುನಿ ಎಂಬ ಹೆಂಗಸು. ಆದರೆ 1629ರಲ್ಲಿ ಸರ್ಕಾರ ಹೆಂಗಸರು ರಂಗ ಹತ್ತಕೂಡದೆಂದು ಕಟ್ಟಳೆ ಮಾಡಿತು. ಅಂದಿನಿಂದ ಹೆಣ್ಣು ಕಟ್ಟಿದ ಕಲೆಯಲ್ಲಿ ಹೆಣ್ಣು ಪಾತ್ರವೂ ಗಂಡಸರದೇ ಆಯಿತು. ನಮ್ಮಲ್ಲಿ ನಡೆದದ್ದು ತಿರುಗುಮುರುಗು. ಇಲ್ಲಿ ಸತ್ಯಭಾಮೆಗೂ ದ್ರೌಪದಿಗೂ ಬಹುಕಾಲ ಸೀರೆ ಉಟ್ಟವರು ಗಂಡಸರೇ. ಬೆಳಗಾವಿ ಸೀಮೆಯ ಕೌಜಲಗಿ ನಿಂಗಮ್ಮ ಆ ಪದ್ಧತಿ ಮುರಿದು ಪಾರಿಜಾತದ ತಮ್ಮದೇ ಮೇಳ ಕಟ್ಟಿ ಊರೂರು ತಿರುಗಿದರು. ಜಪಾನಿನಲ್ಲಿ ಕಟ್ಟಳೆ ಮುಚ್ಚಿದಂಥ ಬಾಗಿಲನ್ನು ಇಲ್ಲಿ ಒಬ್ಬ ಹಳ್ಳಿಯ ಹೆಣ್ಣುಮಗಳು ತೆರೆದಳು.

ಹಾಗಾದರೆ ಅಲ್ಲಿಯ ಕಲೆ ಉಳಿದು ನಮ್ಮದು ಸೊರಗಿದ್ದೇಕೆ? ಅಲ್ಲಿಯೂ ದಾರಿ ಸುಲಭವಿರಲಿಲ್ಲ. 1868ರಲ್ಲಿ ರಾಜಕೀಯ ಬದಲಾದಾಗ ನೋ ಕಲಾವಿದರಿಗೆ ಆಸರೆ ಕೊಡುತ್ತಿದ್ದ ಯೋಧ ಮನೆತನಗಳೇ ಬಿದ್ದುಹೋದವು, ಆಟ ನಿಲ್ಲುವ ಸ್ಥಿತಿಗೆ ಬಂತು. ಅದನ್ನು ಉಳಿಸಿದ್ದು ಎರಡು ಸಂಗತಿಗಳು. ಒಂದು, ತಲೆಮಾರಿನಿಂದ ತಲೆಮಾರಿಗೆ ವಿದ್ಯೆ ಒಪ್ಪಿಸುವ ಮನೆತನಗಳು. ಇನ್ನೊಂದು, ಬರವಣಿಗೆ. ನಟ ಹೇಗೆ ಕಲಿಯಬೇಕು, ಯಾವ ವಯಸ್ಸಿಗೆ ಏನು ಕಲಿಯಬೇಕು ಎಂಬುದನ್ನು ಝೆಯಾಮಿ ಆರು ನೂರು ವರ್ಷಗಳ ಹಿಂದೆಯೇ ಬರೆದಿಟ್ಟ. ಆಮೇಲೆ ಸರ್ಕಾರವೂ ಕೈಹಿಡಿಯಿತು. 1950ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನು ಬಂತು, 1966ರಲ್ಲಿ ಟೋಕಿಯೋದಲ್ಲಿ ರಾಷ್ಟ್ರೀಯ ರಂಗಮಂದಿರ ತೆರೆಯಿತು.

ನಮ್ಮಲ್ಲಿ ವಿದ್ಯೆ ಇದ್ದದ್ದು ಮಾಸ್ತರರ ಬಾಯಲ್ಲಿ, ಇಲ್ಲವೆ ಕೈಬರಹದ ವಹಿಯಲ್ಲಿ. ಮಾಸ್ತರರು ತೀರಿಕೊಂಡರೆ ಧಾಟಿ ಹೋಯಿತು, ವಹಿಗೆ ಗೆದ್ದಲು ಹತ್ತಿದರೆ ಪದ ಹೋಯಿತು. ಬೀದರ ಸೀಮೆಗೆ ಇನ್ನೂ ಒಂದು ತೊಡಕಿತ್ತು. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನದೇ ಮೇಲುಗೈ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ ಕಾಲವದು. ಅಂಥ ದಿನಗಳಲ್ಲಿ ಮಠದ ಪುರಾಣ, ಭಜನೆಯ ಪದ, ಅಟ್ಟದ ಮೇಲಿನ ಮಾತು ಇವೇ ಜನರ ಕಿವಿಗೆ ಕನ್ನಡ ಬೀಳಿಸಿದವು. 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ನಾಡಿಗೆ ಸೇರಿತು, ಊರೂರಿಗೆ ಕನ್ನಡ ಶಾಲೆಗಳು ಬಂದವು. ನಮಗೆ ಅಕ್ಷರ ಸಿಕ್ಕಿತು, ಆದರೆ ಅಕ್ಷರವಿಲ್ಲದ ಕಾಲದಲ್ಲಿ ನುಡಿಯನ್ನು ಹೊತ್ತು ತಂದ ಆಟವನ್ನು ಆ ಅಕ್ಷರದಲ್ಲಿ ಬರೆದಿಡಲು ನಾವು ಮರೆತೆವು. ಸಿನಿಮಾ, ಟಿ.ವಿ., ಮೊಬೈಲುಗಳನ್ನು ದೂರುವುದಕ್ಕೆ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳಬೇಕು.

ಎಲ್ಲವೂ ಮುಗಿದಿಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಬಯಲಾಟದ ಬೇರಿನಿಂದಲೇ ಚಿಗುರಿದ ಆಧುನಿಕ ನಾಟಕ. ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಅಕಾಡೆಮಿ ಇದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಕೊಳಾರದ ಹಿರಿಯರ ನೆನಪನ್ನು ಬರೆದುಕೊಳ್ಳಲು ಅಲ್ಲಿಂದ ಯಾರೂ ಬರಲಿ ಎಂದು ಕಾಯಬೇಕಿಲ್ಲ. ಆ ಕೆಲಸ ನಮ್ಮ ಶಾಲೆಯದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಅಜ್ಜ, ಅಜ್ಜಿ, ಕಾಕಾ, ನೆರೆಮನೆಯ ಹಿರಿಯರ ಹತ್ತಿರ ಕುಳಿತು ಕೇಳಿರಿ: ಯಾವ ಆಟ ನೋಡಿದ್ದರು, ಯಾರು ಯಾವ ಪಾತ್ರ ಕಟ್ಟಿದ್ದರು, ಯಾವ ಪದ ಇನ್ನೂ ನೆನಪಿದೆ. ಹಾಡಿದರೆ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿರಿ, ಹೇಳಿದ್ದನ್ನು ವಹಿಯಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿರಿ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಆಟದ ವಹಿಯೇನಾದರೂ ಉಳಿದಿದ್ದರೆ ಅದರ ಒಂದು ಪ್ರತಿಯನ್ನು ಶಾಲೆಗೆ ತಲುಪಿಸಲಿ. ಮುಂದಿನ ಗ್ಯಾದರಿಂಗಿನಲ್ಲಿ ಸಿನಿಮಾ ಹಾಡಿನ ಕುಣಿತದ ಜೊತೆಗೆ ಅರ್ಧ ತಾಸಾದರೂ ಒಂದು ಸಣ್ಣಾಟ ನಡೆಯಲಿ.

ಝೆಯಾಮಿ ಬರೆದಿಟ್ಟಿದ್ದರಿಂದ ಜಪಾನಿನ ಮಕ್ಕಳು ಆರು ನೂರು ವರ್ಷಗಳ ಹಿಂದಿನ ಮಾಸ್ತರನಿಂದ ಇಂದಿಗೂ ಪಾಠ ಕಲಿಯುತ್ತಾರೆ. ಶಾಲೆಯ ಶತಮಾನೋತ್ಸವದಲ್ಲಿ ಕೂರುವ ಮಕ್ಕಳಿಗೆ ನಮ್ಮ ಮಾಸ್ತರರ ದನಿ ಕೇಳಬೇಕಾದರೆ ಬರೆಯುವ ಕೆಲಸ ಈ ವರ್ಷವೇ ಆರಂಭವಾಗಬೇಕು.