ಭೂಕಂಪಕ್ಕೆ ಆಕಾಶದ ಮುನ್ಸೂಚನೆಗಳು

ಭೂಕಂಪಕ್ಕೆ ಮುಂಚೆ ವಾತಾವರಣದಲ್ಲೂ ಅದರ ಮೇಲ್ಪದರವಾದ ಅಯಾನುಗೋಳದಲ್ಲೂ ಕಾಣಿಸಿಕೊಳ್ಳುತ್ತವೆ ಎನ್ನಲಾದ ಬದಲಾವಣೆಗಳು. ಇವುಗಳ ಹುಡುಕಾಟ ಹಳೆಯದು. 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಭೂಕಂಪದ ಲಕ್ಷಣಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು, ಹೊಗೆ ಕವಿದ ಆಕಾಶ, ದೂಳೆಬ್ಬಿಸುವ ಗಾಳಿ, ಮಂಕಾದ ಸೂರ್ಯನನ್ನು ಅವುಗಳಲ್ಲಿ ಸೇರಿಸಿದ.

ದಕ್ಷಿಣ ಭಾರತಕ್ಕೂ ಭೂಕಂಪ ಹೊಸದಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿಯಲ್ಲಿ ನೆಲ ನಡುಗಿದಾಗ, ಈಗ ಆಂಧ್ರಪ್ರದೇಶದಲ್ಲಿರುವ ರಾಯದುರ್ಗ, ಮಡಕಶಿರಾ ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಈ ಸೀಮೆಯ ನೆರೆಗೆ ದೊಡ್ಡ ಕಂಪನಮಾಪನ ವ್ಯವಸ್ಥೆ ಬಂದದ್ದು 1965ರಲ್ಲಿ, ಮಡಕಶಿರಾದಿಂದ ಆಗ್ನೇಯಕ್ಕಿರುವ ಗೌರಿಬಿದನೂರಿಗೆ. ಅಣುಶಕ್ತಿ ಇಲಾಖೆ ಎರಡು ತೋಳುಗಳಾಗಿ ನೆಲದಲ್ಲಿ ಹೂಡಿದ ಕಂಪನಮಾಪಕಗಳು ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚುವುದಕ್ಕೆಂದು ಬಂದವು. ಅವು ದೂರದ ಭೂಕಂಪಗಳನ್ನೂ ದಾಖಲಿಸುತ್ತವೆ.

ಗೌರಿಬಿದನೂರಿಗೆ ಆ ವ್ಯವಸ್ಥೆ ಬರುವ ಹಿಂದಿನ ವರ್ಷವಷ್ಟೇ, 1964ರ ಮಾರ್ಚ್ 27ರಂದು, ಅಲಾಸ್ಕಾದ ಮಹಾಕಂಪನ ಅಯಾನುಗೋಳವನ್ನೂ ಅಲುಗಾಡಿಸಿತ್ತು. ಅದು ನೆಲ ನಡುಗಿದ ನಂತರದ ಪರಿಣಾಮ. ಮುಂಚೆಯೇ ಏನಾದರೂ ಕಾಣುತ್ತದೆಯೇ ಎಂಬ ಪ್ರಶ್ನೆಗೆ 1966ರ ತಾಷ್ಕೆಂಟ್ ಭೂಕಂಪ ಒತ್ತು ಕೊಟ್ಟಿತು: ಅಲ್ಲಿನ ಆಳದ ಬಾವಿನೀರಿನಲ್ಲಿ ರೇಡಾನ್ ಅನಿಲ ಮೊದಲೇ ಹೆಚ್ಚಿತ್ತು.

ಒಂದು ವಾದದ ಪ್ರಕಾರ, ಒತ್ತಡಕ್ಕೆ ಬಿರುಕುಬಿಟ್ಟ ಬಂಡೆಯಿಂದ ರೇಡಾನ್ ಹೊರಬಂದು ಗಾಳಿಯನ್ನು ಅಯಾನೀಕರಿಸುತ್ತದೆ. ಅಯಾನುಗಳ ಸುತ್ತ ನೀರಾವಿ ಸಾಂದ್ರಗೊಂಡು ಶಾಖ ಬಿಡುತ್ತದೆ. ಬದಲಾದ ವಿದ್ಯುತ್ ಕ್ಷೇತ್ರ ಅಯಾನುಗೋಳದ ಎಲೆಕ್ಟ್ರಾನ್ ಸಾಂದ್ರತೆಯನ್ನು ಕದಲಿಸುತ್ತದೆ. 2001ರ ಭುಜ್ ಭೂಕಂಪಕ್ಕೆ ಮುಂಚೆ ನೆಲದ ಉಷ್ಣತೆ ಏರಿದ್ದನ್ನು ಉಪಗ್ರಹ ಚಿತ್ರಗಳಲ್ಲಿ ಗುರುತಿಸಿದ್ದಾಗಿ ಭಾರತೀಯ ಸಂಶೋಧಕರು ವರದಿ ಮಾಡಿದರು. ಫ್ರಾನ್ಸ್ 2004ರಲ್ಲಿ ಇಂಥ ಮುನ್ಸೂಚನೆಗಳನ್ನು ಹುಡುಕಲೆಂದೇ ‘ಡೆಮೆಟರ್’ ಉಪಗ್ರಹ ಹಾರಿಸಿತು. ಸಾವಿರಾರು ಕಂಪನಗಳ ದತ್ತಾಂಶ ಕೂಡಿಸಿದಾಗ, ಕಂಪನಕ್ಕೆ ಮುಂಚಿನ 4 ಗಂಟೆಗಳಲ್ಲಿ ರಾತ್ರಿಯ ರೇಡಿಯೊ ತರಂಗಗಳು ತುಸು ಕುಗ್ಗಿದ್ದು ಕಂಡಿತು. 2011ರ ಜಪಾನ್ ಭೂಕಂಪಕ್ಕೆ ಸುಮಾರು 40 ನಿಮಿಷ ಮುಂಚೆ ಎಲೆಕ್ಟ್ರಾನ್ ಸಾಂದ್ರತೆ ಏರಿತ್ತೆಂದು ಜಪಾನಿನ ವಿಜ್ಞಾನಿ ಕೊಸುಕೆ ಹೆಕಿ ಜಿಪಿಎಸ್ ದತ್ತಾಂಶದಿಂದ ವಾದಿಸಿದರು; ಅದು ಲೆಕ್ಕಾಚಾರದ ವಿಧಾನದಿಂದ ಬಂದ ಭ್ರಮೆ ಎಂದು ಇತರರು ಆಕ್ಷೇಪಿಸಿದರು.

ದಕ್ಷಿಣ ಭಾರತದಲ್ಲಿ ತೊಡಕು ಇನ್ನೂ ಹೆಚ್ಚು. ಭೂಕಾಂತೀಯ ಸಮಭಾಜಕ ವೃತ್ತ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುವುದರಿಂದ ರಾಯದುರ್ಗದ ಮೇಲಿನ ಅಯಾನುಗೋಳ ಭೂಕಂಪವಿಲ್ಲದ ದಿನವೂ ಏರಿಳಿಯುತ್ತಿರುತ್ತದೆ. ಸೂರ್ಯನ ಚಟುವಟಿಕೆ, ಕಾಂತೀಯ ಬಿರುಗಾಳಿ ಅದಕ್ಕೆ ಕೂಡಿಕೊಳ್ಳುತ್ತವೆ. ನೆಲದ ಸುಳಿವನ್ನು ಇವುಗಳಿಂದ ಬೇರ್ಪಡಿಸುವ ಒಪ್ಪಿತ ವಿಧಾನ ಇಂದಿಗೂ ರೂಪುಗೊಂಡಿಲ್ಲ. ದಿನ, ಸ್ಥಳ, ತೀವ್ರತೆ ಮೂರನ್ನೂ ಮೊದಲೇ ಹೇಳಿ ದೊಡ್ಡ ಭೂಕಂಪವೊಂದನ್ನು ವೈಜ್ಞಾನಿಕವಾಗಿ ಮುನ್ಸೂಚಿಸಿದ ನಿದರ್ಶನ ಒಂದೂ ಇಲ್ಲ.