ದಾಕಿನ ಕಲೆ, ಟಿ.ಸಿ.ಯ ಕಾಲಂ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಪ್ಪತ್ತು ದಾಟಿದ ತೆಂಗು ಬೆಳೆಗಾರರು ಅಂಗಿಯ ತೋಳು ಮೇಲೇರಿಸಿದರೆ ಗುಳಿಬಿದ್ದ ದುಂಡನೆಯ ಕಲೆ ಕಾಣುತ್ತದೆ. ಸಿಡುಬಿನ ದಾಕು, ಅಂದರೆ ಲಸಿಕೆ, ಬಿಟ್ಟುಹೋದ ಗುರುತು ಅದು. ಆ ಪೀಳಿಗೆಯ ಅನೇಕರಿಗೆ ಅದು ಬಿದ್ದದ್ದು ಶಾಲೆಯ ಜಗಲಿಯಲ್ಲೇ.

ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಚಿಕ್ಕನಾಯಕನಹಳ್ಳಿಯ ಮೇಲೆ ಹಾದುಹೋಗಿ ಇಲ್ಲಿನ ತೆಂಗಿನ ತೋಟಗಳ ಬಗ್ಗೆ ಬರೆದಿಟ್ಟ. ಆಗಿನ್ನೂ ಲಸಿಕೆ ಇಂಡಿಯಾಕ್ಕೆ ಬಂದಿರಲಿಲ್ಲ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ’ ಬಂದಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಮಾಡುವುದಾಗಿ ಹರಸಿಕೊಳ್ಳುವುದೇ ದಾರಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನ್ನಾ ಡಸ್ಟಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ್ದೇ ದೇಶದ ಮೊದಲ ದಾಕು. ಶೀತಲಪೆಟ್ಟಿಗೆ ಇಲ್ಲದ ಕಾಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಮತ್ತೊಂದರ ತೋಳಿಗೆ ಹಾಕಬೇಕು. ಲಸಿಕೆಯನ್ನು ಊರಿಂದೂರಿಗೆ ಹೊತ್ತು ತಂದವರು ಮಕ್ಕಳೇ ಎನ್ನಬೇಕು.

ಮೈಸೂರಿಗೆ ಅದು ಅರಮನೆಯ ಮೂಲಕ ಬಂತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದು ಭಾವಿಸಲಾಗಿತ್ತು. ಬಲಗಡೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸುತ್ತಿರುವುದು ದಾಕು ಹಾಕಿದ ತೋಳನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಹಾಗಿದ್ದರೆ ಸರ್ಕಾರಿ ಜಾಹೀರಾತಿಗೆ ಇದಕ್ಕಿಂತ ಹಳೆಯ, ಚಂದದ ನಮೂನೆ ನಮ್ಮಲ್ಲಿ ಸಿಗಲಾರದು.

ಹಳ್ಳಿಯಲ್ಲಿ ಮಾತ್ರ ದಾಕು ಹಾಕುವವರು ಬಂದರೆಂದರೆ ರಾಣಿ ನೆನಪಾಗುತ್ತಿರಲಿಲ್ಲ. ಹುಡುಗರು ಬೇಲಿ ಹಾರಿ ತೋಟಕ್ಕೆ ಓಡುತ್ತಿದ್ದರು. ಮೇಷ್ಟ್ರು ಹಿಡಿತರಿಸಿ ಸಾಲಾಗಿ ನಿಲ್ಲಿಸಬೇಕು. ಗೀರಿದ ಜಾಗ ಬಾತು, ಕೀವುಗಟ್ಟಿ, ಹಕ್ಕಳೆ ಉದುರುವ ತನಕ ತೋಳು ಮುಟ್ಟಗೊಡುತ್ತಿರಲಿಲ್ಲ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ ಪತ್ತೆಯಾಯಿತು. 1980ರಲ್ಲಿ ಜಗತ್ತೇ ರೋಗಮುಕ್ತವೆಂದು ಘೋಷಣೆಯಾಯಿತು.

ಹೊರದೇಶದಲ್ಲಿ ಶಾಲೆಯ ಮೂಲಕವೇ ದಾಕನ್ನು ಕಡ್ಡಾಯ ಮಾಡಿದ್ದೂ ಉಂಟು. ಅಮೆರಿಕದ ಬಾಸ್ಟನ್ 1827ರಲ್ಲೇ ದಾಕು ಹಾಕಿಸದ ಮಕ್ಕಳನ್ನು ಶಾಲೆಗೆ ಸೇರಿಸಬಾರದೆಂದಿತು. 1855ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವೇ ಕಾನೂನು ಮಾಡಿತು. ನಮ್ಮಲ್ಲಿ ಶಾಲೆ ಲಸಿಕೆಗೆ ಜಾಗ ಕೊಟ್ಟಿತೇ ಹೊರತು ಲಸಿಕೆಯಿಲ್ಲವೆಂದು ಬಾಗಿಲು ಹಾಕುವ ಪದ್ಧತಿ ಬೆಳೆಯಲಿಲ್ಲ. ನಮ್ಮ ರಾಜ್ಯದ ಶಾಲೆಗಳ ವರ್ಗಾವಣೆ ಪತ್ರದಲ್ಲಿ (ಟಿ.ಸಿ.) ವೈದ್ಯಕೀಯ ತಪಾಸಣೆ ಆಗಿದೆಯೇ ಎಂದು ಕೇಳುವ ಕಾಲಂ ಇದೆ, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಟಿ.ಸಿ. ತಡವಾಯಿತೆಂಬ ನೆಪದಲ್ಲಿಯೂ ಶಾಲೆ ಬದಲಿಸುವ ಮಗುವನ್ನು ತಡೆಯಬಾರದೆನ್ನುತ್ತದೆ.

ಇದು ಸಡಿಲುತನವೇ? ಅಲ್ಲ. ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲಿ ಸಮೀಕ್ಷೆ ಮಾಡಿದಾಗ, ಕ್ಷಯ ಇದ್ದವರಲ್ಲಿ ಅರ್ಧದಷ್ಟು ಮಂದಿ ಯಾರೂ ಹೇಳದೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ತಿಳಿಯಿತು. ಹಳ್ಳಿಯವರು ಔಷಧಿಗೆ ಹಿಂಜರಿಯುತ್ತಾರೆಂಬ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು. ಹತ್ತಿರ ಒದಗಿಸಿದರೆ ಜನ ಬರುತ್ತಾರೆ. ಶಾಲೆಗಿಂತ ಹತ್ತಿರದ್ದು ಯಾವುದು?

2017ರ ಫೆಬ್ರುವರಿ 7ರಂದು ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗಲೂ ಶಾಲೆಯೇ ಕಣವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನವರಿಗೆ ಚುಚ್ಚುಮದ್ದು, ಎಡಗೈ ಹೆಬ್ಬೆರಳಿಗೆ ಶಾಯಿಯ ಗುರುತು. ಬೇಲಿ ಹಾರುವ ಹುಡುಗರ ಬದಲು ಈಗ ವಾಟ್ಸಾಪ್ ವದಂತಿ ನಂಬಿದ ಅಪ್ಪ-ಅಮ್ಮಂದಿರನ್ನು ಮೇಷ್ಟ್ರು ಸಮಾಧಾನಪಡಿಸಬೇಕಾಯಿತು. 2022ರ ಜನವರಿಯಲ್ಲಿ ಹದಿನೈದು ದಾಟಿದವರ ಕೋವಿಡ್ ಲಸಿಕೆಗೂ ಅದೇ ಅಂಗಳ.

ಶಾಲೆಗೆ ಸೇರಿಸುವ ವಯಸ್ಸಿನಲ್ಲೇ ಮರೆತುಹೋಗುವ ಲಸಿಕೆಯೊಂದಿದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯ ಎರಡನೇ ಬೂಸ್ಟರ್ ಬೀಳಬೇಕಾದದ್ದು ಐದರಿಂದ ಆರು ವರ್ಷದೊಳಗೆ. ಹತ್ತು ಮತ್ತು ಹದಿನಾರಕ್ಕೆ ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ. ಜೂನ್‌ನಲ್ಲಿ ಮಗುವನ್ನು ಶಾಲೆಗೆ ಸೇರಿಸುವವರು, ಊರು ಬದಲಿಸುವವರು ಆಧಾರ್, ಟಿ.ಸಿ. ಜೊತೆಗೆ ಲಸಿಕೆಗಳನ್ನು ಗುರುತು ಹಾಕಿರುವ ತಾಯಿ ಕಾರ್ಡನ್ನೂ ತೆಗೆದು ನೋಡಲಿ. ಖಾಲಿ ಬಿಟ್ಟ ಚೌಕ ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ.